ಒಂದೇ ಕೂಗು, ಎರಡು ದಿಕ್ಕು

“ಮೇಡಮ್, ಗಾಡಿ ನಿಲ್ಲಸ್ರಿ.”

ಮಯೂರಿ ಹೇಳಿದ್ದು ಇಷ್ಟೇ. ಪಿಎಸ್‌ಐ ನೀಲಮ ಬ್ರೇಕ್ ತುಳಿದಳು. ಕಾಗವಾಡದ ಹೊರಗೆ, ದ್ರಾಕ್ಷಿ ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ಜೀಪು ನಿಂತಿತು.

ಮಯೂರಿ ನಿಪ್ಪಾಣಿಯವಳು, ಮೊಬೈಲ್ ಕಂಪನಿಯೊಂದರ ಇಂಜಿನಿಯರ್. ಟವರಿನಲ್ಲಿ ಗದ್ದಲ ಹೆಚ್ಚಾಗಿದೆ ಎಂಬ ದೂರಿನ ಮೂಲ ಹುಡುಕಲು ನೀಲಮಳ ಜೀಪು ಹತ್ತಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಊಟದ ತಟ್ಟೆಯಷ್ಟು ಅಗಲದ ಆಂಟೆನಾ. ಅದನ್ನು ಕಿಟಕಿಯಾಚೆ ಚಾಚಿ ಮೊದಲು ಪಶ್ಚಿಮಕ್ಕೆ ಹಿಡಿದಳು. ಪರದೆಯ ಮೇಲೆ ಟವರಿನ ಗುರುತಿನ ಸಂಖ್ಯೆ ಮೂಡಿತು. ಪೂರ್ವಕ್ಕೆ ತಿರುಗಿಸಿದಳು, ಮತ್ತೆ ಅದೇ ಸಂಖ್ಯೆ.

ಪಶ್ಚಿಮಕ್ಕೆ ಗಡಿಯಾಚೆಯ ಟವರ್ ಕಣ್ಣಿಗೇ ಕಾಣುತ್ತಿತ್ತು. ಪೂರ್ವದಲ್ಲಿ ಟವರ್ ಇರಲಿಲ್ಲ. ಅಲ್ಲಿದ್ದದ್ದು ತವನಪ್ಪ ಸಾವ್ಕಾರರ ಕೋಲ್ಡ್ ಸ್ಟೋರೇಜ್ ಒಂದೇ.

“ಒಬ್ಬಾಕಿನ ಎರಡ ಬಾಗ್ಲಾಗ ನಿಂತ ಕರದಂಗ ಆತು ನೋಡ್ರಿ,” ಎಂದಳು ಮಯೂರಿ. “ಒಂದ ಖರೇ ಟವರ್. ಇನ್ನೊಂದ ಯಾರೋ ಕೂಡಿಸಿದ ಬೂಸ್ಟರ್.”

ನೀಲಮಳಿಗೆ ಗೆದ್ದೆ ಅನಿಸಬೇಕಿತ್ತು. ಅನಿಸಲಿಲ್ಲ. ಹೋದ ವರ್ಷದ ಯುಗಾದಿ ಅಮಾವಾಸ್ಯೆಯ ದಿನ ತೋಟಗಾರ ಜ್ಞಾನದೇವ ತನ್ನ ಒಣದ್ರಾಕ್ಷಿ ಶೆಡ್ಡಿನಲ್ಲಿ ತಲೆ ಒಡೆದು ಸತ್ತು ಬಿದ್ದಿದ್ದ. ಟೆಂಪೊ ಡ್ರೈವರ್ ಸಂಭಾಜಿಯನ್ನು ಅವಳು ಹಿಡಿದು ಒಳಗೆ ಹಾಕಿದ್ದು ಆ ಪಶ್ಚಿಮದ ಟವರಿನ ಮಾತು ನಂಬಿ.

ಟವರ್ ನಿಂತ ನೆಲ ಮಹಾರಾಷ್ಟ್ರದ್ದು; ಸಂಜೆ ಅದರ ನೆರಳು ಬೀಳುವ ನೆಲ ಕರ್ನಾಟಕದ್ದು. ಆ ನೆರಳಿನಲ್ಲೇ ಜ್ಞಾನದೇವನ ಶೆಡ್ಡು. ಅವನು ಸತ್ತ ಮಧ್ಯಾಹ್ನ ಸಂಭಾಜಿಯ ಫೋನ್ ಆ ಟವರಿಗೇ ಅಂಟಿಕೊಂಡಿತ್ತು ಎಂದು ಕಂಪನಿ ಬರೆದು ಕೊಟ್ಟಿತ್ತು. ಅವನು ಮಾತ್ರ, ನಾನು ಸಾವ್ಕಾರರ ಕೋಲ್ಡ್ ಸ್ಟೋರೇಜಿನಲ್ಲಿ ಒಬ್ಬನೇ ಬಾಕ್ಸ್ ಇಳಿಸುತ್ತಿದ್ದೆ ಎಂದು ಒಂದೇ ಮಾತು ಹಿಡಿದಿದ್ದ.

ನೀಲಮ ಆಗ ನಕ್ಕಿದ್ದಳು. ನೀನು ಸುಳ್ಳು ಹೇಳಬಹುದು, ಟವರ್ ಹೇಳುವುದಿಲ್ಲ ಎಂದಿದ್ದಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಜೀವಮಾನವೆಲ್ಲ ಆಡಿಕೊಂಡವಳು, ಕಂಪನಿಯ ಮೊಹರು ಕಂಡ ಕೂಡಲೇ ತಾನೇ ಹಗ್ಗ ಹಿಡಿದು ನಿಂತಿದ್ದಳು. ಆ ನಗು ಈಗ ನೆನಪಾಗಿ ಅವಳಿಗೆ ತನ್ನ ಮುಖ ತಾನೇ ನೋಡಿಕೊಳ್ಳಬಾರದು ಅನಿಸಿತು.

ಇವತ್ತು ಶನಿವಾರ. ಸೋಮವಾರ ಚಿಕ್ಕೋಡಿ ಕೋರ್ಟಿನಲ್ಲಿ ಸಂಭಾಜಿಯ ತೀರ್ಪು. ಅಷ್ಟರೊಳಗೆ ಅವನು ಹೇಳಿದ್ದು ನಿಜವೆಂದು ತೋರಿಸಿದರೆ ಅವನಿಗೆ ಮನೆ, ಇಲ್ಲದಿದ್ದರೆ ಜೀವಾವಧಿ.

“ಇದು ಖಾತ್ರಿ ಐತೇನು ಮಯೂರಿ?”

ಮಯೂರಿ ಆಂಟೆನಾವನ್ನು ಮತ್ತೊಮ್ಮೆ ಎರಡೂ ಕಡೆ ಹಿಡಿದು ತೋರಿಸಿದಳು. ಪ್ರತಿ ಟವರೂ ಕ್ಷಣಕ್ಷಣಕ್ಕೂ ತನ್ನ ಗುರುತಿನ ಒಂದು ಚಿಕ್ಕ ಕೂಗು ಹಾಕುತ್ತಿರುತ್ತದೆ ಎಂದು ವಿವರಿಸಿದಳು. ಫೋನ್ ಕಣ್ಣು ಬಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಆ ಕೂಗನ್ನು ಹುಡುಕುವುದು. ಯಾವ ಕೂಗು ಸ್ಪಷ್ಟವಾಗಿ ಕೇಳುತ್ತದೋ ಅದರ ತಾಳಕ್ಕೆ ತನ್ನ ತಾಳ ಕೂಡಿಸಿಕೊಳ್ಳುತ್ತದೆ, ಆಮೇಲೆ ಉಳಿದ ಮಾತು. ಕೂಗಿದವರು ಯಾರು, ಎಲ್ಲಿ ನಿಂತು ಕೂಗಿದರು ಎಂದು ಅದು ಕೇಳುವುದಿಲ್ಲ. ಬೂಸ್ಟರ್ ದೂರದ ಕೂಗನ್ನು ಹಿಡಿದು ಇಲ್ಲಿ ಗಟ್ಟಿಯಾಗಿ ಮತ್ತೆ ಕೂಗಿದರೆ, ಪಾಪದ ಫೋನ್ ಅದನ್ನೇ ಟವರ್ ಎಂದು ನಂಬುತ್ತದೆ.

ಇಷ್ಟೊಂದು ಕೂಗುಗಳ ಗದ್ದಲದ ನಡುವೆ ಇಷ್ಟು ಬೇಗ ಹೇಗೆ ಸಿಕ್ಕಿತು ಎಂದು ನೀಲಮ ಕೇಳಿದಳು. ಒಣದ್ರಾಕ್ಷಿ ಆರಿಸುವ ಹಾಗೆಯೇ ಎಂದು ಮಯೂರಿ ನಕ್ಕಳು. ಮೊದಲು ದೊಡ್ಡ ಕಣ್ಣಿನ ಜರಡಿ, ಆಮೇಲೆ ಸಣ್ಣದು. ಹಳೆಯ ಯಂತ್ರ ಪ್ರತಿಯೊಂದು ಸದ್ದನ್ನೂ ಪ್ರತಿಯೊಂದು ಕೂಗಿನೊಡನೆ ಹೋಲಿಸುತ್ತ ಕೂರುತ್ತಿತ್ತು. ಇದು ಮೊದಲು ಕೂಗು ಇರಬಹುದಾದ ಜಾಗವನ್ನಷ್ಟೇ ಗುರುತು ಮಾಡಿಕೊಂಡು, ಅಲ್ಲಿ ಮಾತ್ರ ಹೆಸರು ಹುಡುಕುತ್ತದೆ. ಅದಕ್ಕೇ ಓಡುವ ಜೀಪಿನಲ್ಲೂ ಕೆಲಸ ಮಾಡುತ್ತದೆ.

ಮೊದಲು ಜಾಗ, ಆಮೇಲೆ ಹೆಸರು. ಪೊಲೀಸ್ ಕೆಲಸವೂ ಅದೇ ಅಲ್ಲವೇ ಎಂದುಕೊಂಡಳು ನೀಲಮ. ತಾನು ಹೆಸರು ಮೊದಲು ಹಿಡಿದು, ಜಾಗವನ್ನು ಅದಕ್ಕೆ ಹೊಂದಿಸಿದ್ದಳು.

ಜೀಪು ಕೋಲ್ಡ್ ಸ್ಟೋರೇಜಿನ ಮುಂದೆ ನಿಂತಿತು. ಗೇಟು ತೆಗೆಯಲು ಬಂದವಳನ್ನು ಕಂಡು ನೀಲಮ ಒಂದು ಗಳಿಗೆ ಇಳಿಯಲೇ ಇಲ್ಲ. ಬಂದವಳು ಸಂಭಾಜಿಯ ತಾಯಿ ಅಕ್ಕುತಾಯಿ.

ಅವಳು ಇಲ್ಲಿ ಒಣದ್ರಾಕ್ಷಿ ಆರಿಸುವ ಹೆಂಗಸರ ಮೇಲ್ವಿಚಾರಕಿ. ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು ಓಡಾಡುವವಳು. ಹಳೆಯ ಮಾಲನ್ನು ಹೊಸದರಲ್ಲಿ ಬೆರೆಸಿ ತಂದರೆ ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಜ್ಞಾನದೇವನ ಮಾಲನ್ನೂ ಹಾಗೆಯೇ ತಿರುಗಿ ಕಳಿಸಿದ್ದಳು. ಅವನು ಎಲ್ಲರ ಮುಂದೆ ಅವಳ ಜಾತಿ ಎತ್ತಿ ಬೈದ. ಸಂಭಾಜಿ ಅವನ ಕೊರಳಪಟ್ಟಿ ಹಿಡಿದ. ಅದಾದ ವಾರಕ್ಕೆ ಜ್ಞಾನದೇವ ಸತ್ತಾಗ, ಆ ಕೊರಳಪಟ್ಟಿಯನ್ನು ಊರು ಮರೆತಿರಲಿಲ್ಲ.

ಮಗ ಒಳಗೆ ಹೋದ ಮೇಲೆ ಅಕ್ಕುತಾಯಿ ಸಂತೆಯ ದಿನ ಠಾಣೆಯ ಕಟ್ಟೆಗೆ ಬಂದು ಕೂರುತ್ತಿದ್ದಳು. ಅಳುತ್ತಿರಲಿಲ್ಲ, ರಂಪ ಮಾಡುತ್ತಿರಲಿಲ್ಲ. ನೀಲಮ ಹೊರಗೆ ಬಂದಾಗ ಎದ್ದು ನಿಂತು ಒಂದೇ ಮಾತು: “ಅವನ್ನ ಬಿಡ್ರಿ ಬಾಯಾರ, ನನ್ನ ಒಳಗ ಹಾಕ್ರಿ.” ಹೆತ್ತ ಕರುಳು, ಹೀಗಲ್ಲದೆ ಇನ್ನು ಹೇಗೆ ಆಡುತ್ತದೆ ಎಂದು ನೀಲಮ ಚಹಾ ಕುಡಿಸಿ ಕಳಿಸುತ್ತಿದ್ದಳು.

ಇವತ್ತು ಅವಳ ಸೊರಗಿದ ಮುಖ ಕಂಡು ನೀಲಮಳಿಗೆ ತಡೆಯಲಾಗಲಿಲ್ಲ. ಇನ್ನೂ ಕೈಗೆ ಬಾರದ ತುತ್ತನ್ನು ಬೇರೆಯವರ ಬಾಯಿಗೆ ಹಿಡಿಯಬಾರದು ಎಂದು ಗೊತ್ತಿದ್ದೂ ಹಿಡಿದಳು.

“ಮಾವಶಿ, ಸೋಮವಾರ ನಿಮ್ಮ ಮಗಾ ಮನಿಗೆ ಬರ್ತಾನ. ನಾ ತರ್ತೀನಿ.”

ಅಕ್ಕುತಾಯಿ ಗೇಟಿನ ಸರಳು ಹಿಡಿದು ನಿಂತಲ್ಲೇ ಕುಸಿದು ಕುಳಿತಳು. ಸಂತೋಷಕ್ಕೆ ಕಾಲು ಬಿದ್ದುಹೋದವು ಎಂದುಕೊಂಡಳು ನೀಲಮ. ಅವಳನ್ನು ಎಬ್ಬಿಸಿ ನೆರಳಿಗೆ ಕೂರಿಸಿ, ಮಯೂರಿಗೆ ಕೆಳಗೇ ಇರಲು ಹೇಳಿ, ತಾನು ಮಾಳಿಗೆ ಹತ್ತಿದಳು.

ಮಾಳಿಗೆಯ ಮೇಲೆ ನೀರಿನ ಟಾಕಿ. ಅದರ ಬೆನ್ನಿಗೆ, ರಸ್ತೆಯಿಂದ ಕಾಣದ ಹಾಗೆ, ಗೋಡೆಗೆ ಕ್ಲಾಂಪ್ ಹಾಕಿ ಬಿಗಿದ ಕಬ್ಬಿಣದ ಪೈಪು. ಪೈಪಿನ ತುದಿಯ ಆಂಟೆನಾ ಗಡಿಯಾಚೆಯ ಟವರಿನ ಕಡೆ ಮುಖ ಮಾಡಿತ್ತು.

ಕಾಗವಾಡದ ಕಡೆ ಎರಡು ಸಿಮ್ ಇಲ್ಲದ ಫೋನ್ ಅಪರೂಪ. ಕಚೇರಿಗೆ ಬೆಳಗಾವಿ ಸಿಮ್, ಬೀಗರಿಗೂ ವ್ಯಾಪಾರಕ್ಕೂ ಸಾಂಗ್ಲಿ ಸಿಮ್. ಗಡಿ ದಾಟಿದರೆ ದುಪ್ಪಟ್ಟು ಕಾಸು ಬೀಳುತ್ತಿದ್ದ ಕಾಲ ಹೋಗಿ ವರ್ಷಗಳಾದರೂ, ಸಾಂಗ್ಲಿ ಸಿಮ್ಮಿಗೆ ಸಾಂಗ್ಲಿ ಕಡೆಯ ಟವರೇ ಬೇಕು ಎಂಬ ರೂಢಿ ಹೋಗಿಲ್ಲ. ಬೇರೆ ಊರಿನವರು ಹತ್ತಿರದ ಟವರಿಗೆ ಬೂಸ್ಟರ್ ತಿರುಗಿಸಿಯಾರು. ಕಾಗವಾಡದವರು ಗಡಿಯಾಚೆಗೇ ತಿರುಗಿಸುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನೀಲಮಳ ಕೈಯಲ್ಲೂ ಎರಡು ಸಿಮ್ಮಿನ ಫೋನೇ ಇತ್ತು. ಅವಳಿಗೆ ಇದು ಹೊಳೆಯಬೇಕಿತ್ತು.

ತವನಪ್ಪ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬಿಳಿ ಅಂಗಿ, ಬಿಳಿ ಧೋತರ, ಊರಿನಲ್ಲಿ ಗಟ್ಟಿ ದನಿ ಎತ್ತಿ ಗೊತ್ತಿಲ್ಲದ ಹಿರಿಯರು. ನೀಲಮ ಇನ್ನೂ ಬಾಯಿ ತೆರೆದಿರಲಿಲ್ಲ.

“ಅದು ಟೀವಿದ್ರಿ ಮೇಡಮ್,” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುವುದು ಇದಕ್ಕೇ. ಕೋಲ್ಡ್ ಸ್ಟೋರೇಜಿನ ದ್ರಾಕ್ಷಿ ಟೀವಿ ನೋಡುತ್ತದೆಯೇ ಎಂದು ನೀಲಮ ಮೆಲ್ಲಗೆ ಕೇಳಿದಳು. ಸಾವ್ಕಾರರು ತಲೆ ತಗ್ಗಿಸಿದರು. ದಪ್ಪ ಗೋಡೆಯೊಳಗೆ ಫೋನ್ ಹತ್ತುವುದಿಲ್ಲ, ಸೌದಾ ನಡೆದಾಗ ಸಾಂಗ್ಲಿಯಿಂದ ಕರೆ ಬಂದರೆ ತಿಳಿಯುವುದಿಲ್ಲ, ಅದಕ್ಕೆ ಮಿರಜದಿಂದ ತರಿಸಿದೆ ಎಂದು ಒಪ್ಪಿಕೊಂಡರು. ಆದರೆ ಕೂಡಿಸಿದ್ದು ಹೋದ ದೀಪಾವಳಿಗೆ ಎಂದರು. ಕೊಲೆಯಾಗಿದ್ದು ಅದಕ್ಕೂ ಎಷ್ಟೋ ಮುಂಚಿನ ಯುಗಾದಿಗೆ.

ಹಾಗಾದರೆ ಸಂಭಾಜಿಗೆ ಇದರಿಂದ ಮೂರು ಕಾಸಿನ ಉಪಯೋಗವೂ ಇಲ್ಲ. ನೀಲಮ ಪೈಪಿನ ಸುತ್ತ ಬಂದಳು. ಗೋಡೆಗೆ ಆಕಾಶನೀಲಿ ಬಣ್ಣ. ಕ್ಲಾಂಪಿನ ಅಂಚಿಗೂ ನೀಲಿಯ ಕಲೆ ಹತ್ತಿತ್ತು. ಅವಳು ಕೆಳಗೆ ಹೋಗಿ ಜೀಪಿನ ಪಾನಾ ತಂದಳು.

“ಬಣ್ಣಾ ಯಾವಾಗ ಹಚ್ಚಿಸೀರಿ ಸಾವ್ಕಾರ್ರ?”

ಊರಿನಲ್ಲಿ ಪಂಚಕಲ್ಯಾಣ ಪೂಜೆಯಾದಾಗ, ಎಂದರು ತವನಪ್ಪ. ಆ ಪೂಜೆಗೆ ಇಡೀ ಊರಿನ ಜೈನರ ಮನೆಗಳಿಗೆ ಸುಣ್ಣಬಣ್ಣವಾಗಿತ್ತು. ನೀಲಮಳೇ ಬಂದೋಬಸ್ತಿಗೆ ನಿಂತಿದ್ದಳು. ಅದು ಕೊಲೆಗೆ ಮುಂಚಿನ ಚಳಿಗಾಲ. ಆಮೇಲೆ ಮತ್ತೆ ಹಚ್ಚಿಸಿಲ್ಲ ಎಂದೂ ಅವರೇ ಸೇರಿಸಿದರು.

ನೀಲಮ ಪಾನಾದಿಂದ ಬೋಲ್ಟ್ ಬಿಚ್ಚಿ ಕ್ಲಾಂಪನ್ನು ಪಕ್ಕಕ್ಕೆ ಸರಿಸಿದಳು. ಅದರ ಕೆಳಗೆ ಅಂಗೈಯಷ್ಟು ಜಾಗದಲ್ಲಿ ಮಾಸಲು ಹಳದಿ ಇತ್ತು. ಸುತ್ತ ಎಲ್ಲೆಡೆ ನೀಲಿ, ಅಲ್ಲಿ ಮಾತ್ರ ಹಳೆಯ ಹಳದಿ.

“ದೀಪಾವಳಿಗೆ ಕೂಡಿಸಿದ್ರ ಇದರ ಬುಡಕ ನೀಲಿ ಇರಬೇಕಿತ್ತು,” ಎಂದಳು. “ಬಣ್ಣಾ ಹಚ್ಚವ್ರು ಇದನ್ನ ಬಿಟ್ಟ ಸುತ್ತ ಹಚ್ಯಾರ. ಅಂದ್ರ ಪಂಚಕಲ್ಯಾಣಕ್ಕ ಇದು ಇಲ್ಲೇ ಇತ್ತು. ಜ್ಞಾನದೇವ ಸತ್ತ ದಿನಾನೂ ಇತ್ತು.”

ತವನಪ್ಪ ಟಾಕಿಗೆ ಒರಗಿ ನಿಂತರು. ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಸಿಕ್ಕಿಬಿದ್ದಾಗ ಒಂದು ಬಗೆಯ ನಿರಾಳವೂ ಆಗುತ್ತದೆ; ಅವರ ಮುಖದಲ್ಲಿ ಅದು ಕಾಣುತ್ತಿತ್ತು.

“ಇತ್ರಿ,” ಎಂದರು.

“ಸಂಭಾಜಿ ಇಲ್ಲಿದ್ನಿ ಅಂತ ಬಡಕೊಂಡಾಗ ನಿಮಗ ತಿಳೀಲಿಲ್ಲೇನ್ರಿ?”

“ಮೊದಲ ತಿಳೀಲಿಲ್ರಿ. ಕೋರ್ಟಿನ್ಯಾಗ ಟವರ್ ಮಾತು ಬಂದಾಗ ಎದಿ ಧಸಕ್ ಅಂತು. ಹೇಳಬೇಕಂತ ಚಿಕ್ಕೋಡಿ ಮಟಾ ಹೋಗಿ ಗೇಟಿನ್ಯಾಗಿಂದ ತಿರಗಿ ಬಂದ್ನಿ.”

“ಯಾಕ್ರಿ?”

“ಬೂಸ್ಟರ್ ಕಾಯದೇ ವಿರುದ್ಧ ಐತಿ, ಸ್ಟೋರೇಜ್ ಬಂದ್ ಮಾಡ್ತಾರ ಅಂತ ಅಂಜಿದ್ನಿ. ಆಮ್ಯಾಲ ಆ ಅಂಜಿಕಿ ಹ್ವಾತು, ಬ್ಯಾರೇದ ಬಂತು. ಇವತ್ತ ಹೇಳಿದ್ರ ನಿನ್ನಿ ಯಾಕ ಹೇಳಲಿಲ್ಲ ಅಂತ ಕೇಳ್ತಾರ. ದಿನಾ ಹೋದಂಗ ಆ ಪ್ರಶ್ನಿ ದೊಡ್ಡದಾತ್ರಿ.”

ಸೋಸದೆ ನೀರು ಕುಡಿಯದ, ಕತ್ತಲಾದ ಮೇಲೆ ಹುಳ ಬಿದ್ದೀತೆಂದು ಊಟ ಮಾಡದ ಮನುಷ್ಯ. ಒಂದು ಬೂಸ್ಟರ್ ಡಬ್ಬಿಯ ಅಂಜಿಕೆಗೆ ಬಾಯಿ ಕಟ್ಟಿಕೊಂಡು, ಮಗ ಜೈಲು ಸೇರಿದ ತಾಯಿಯ ಮುಖವನ್ನು ದಿನವೂ ಇದೇ ಅಂಗಳದಲ್ಲಿ ನೋಡುತ್ತಿದ್ದ. ನೀಲಮಳಿಗೆ ಸಿಟ್ಟು ಬರಬೇಕಿತ್ತು. ಅದರ ಬದಲು ಈ ಮನುಷ್ಯ ತನಗೆ ಚೆನ್ನಾಗಿ ಅರ್ಥವಾಗುತ್ತಾನೆ ಎಂದೆನಿಸಿ ಇನ್ನಷ್ಟು ಬೇಸರವಾಯಿತು.

“ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ,” ಎಂದರು ತವನಪ್ಪ. “ನಾ ಮುಚ್ಚಿಟ್ಟಿದ್ದು ಖರೇ. ಆದ್ರ ನೀವೂ ಒಂದ ಸಲಾ ಈ ಮಾಳಿಗಿ ಹತ್ತಲಿಲ್ಲ.”

ನೀಲಮ ಕೈಯಲ್ಲಿದ್ದ ಪಾನಾ ಕೆಳಗಿಟ್ಟಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವಳು ಪ್ರತ್ಯಕ್ಷವನ್ನೂ ಕಂಡಿರಲಿಲ್ಲ. ಇಲ್ಲಿಯ ಹೆಂಗಸರನ್ನು ಮಾತಾಡಿಸಿರಲಿಲ್ಲ. ತಾಯಿ ಮಗನ ಪರವಾಗಿ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ಅಕ್ಕುತಾಯಿಯನ್ನೂ ಕೇಳಿರಲಿಲ್ಲ.

ಆ ಅಮಾವಾಸ್ಯೆಯ ದಿನ ಇಲ್ಲಿ ಯಾರಿದ್ದರು ಎಂದು ಈಗ ಕೇಳಿದಳು. ಅಮಾವಾಸ್ಯೆಗೆ ಆರಿಸುವ ಹೆಂಗಸರಿಗೆ ಸೂಟಿ, ನಾನು ಹೆಂಡತಿಯನ್ನು ಕರೆದುಕೊಂಡು ಮಿರಜದ ದವಾಖಾನೆಗೆ ಹೋಗಿದ್ದೆ ಎಂದರು ತವನಪ್ಪ. ತೋಟದಿಂದ ತಡವಾಗಿ ಬಂದ ಮಾಲನ್ನು ಸಂಭಾಜಿ ಇಳಿಸಿ ಹೋಗಿದ್ದನಂತೆ. ಅವರು ತಿರುಗಿ ಬಂದಾಗ ಬಾಗಿಲಿಗೆ ಎಂದಿನಂತೆ ಕೀಲಿ ಬಿದ್ದಿತ್ತು.

ಇದನ್ನೆಲ್ಲ ಕೋರ್ಟಿನಲ್ಲಿ ಹೇಳುತ್ತೀರಾ ಎಂದಳು. ಅವರು ಹೂಂ ಎಂದು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು.

ಕೆಳಗೆ ಮಯೂರಿ ಜೀಪಿನಿಂದ ಇಳಿದು ನಿಂತಿದ್ದಳು. ಆಫೀಸಿನಿಂದ ಹಳೆಯ ಅಳತೆಗಳು ಬಂದಿದ್ದವು. ಟವರಿನಲ್ಲಿ ಗದ್ದಲ ಹೆಚ್ಚಾಗಿದೆ ಎಂಬ ದೂರು ಕೊಲೆಯಾದ ದಿನಗಳಲ್ಲೇ ಶುರುವಾಗಿತ್ತಂತೆ. ಅದಕ್ಕಾಗಿ ಕಂಪನಿ ಆ ದಿನಗಳ ಲೆಕ್ಕ ಅಳಿಸದೆ ಇಟ್ಟಿತ್ತು. ಪೊಲೀಸರಿಗೆ ಟವರಿನ ಹೆಸರನ್ನಷ್ಟೇ ಕೊಟ್ಟಿದ್ದರು. ಫೋನಿನ ಉತ್ತರ ಟವರಿಗೆ ಎಷ್ಟು ತಡವಾಗಿ ಮುಟ್ಟಿತು ಎಂಬುದನ್ನು ಯಾರೂ ಕೇಳಿರಲಿಲ್ಲ, ಕಂಪನಿಯೂ ಕೊಟ್ಟಿರಲಿಲ್ಲ.

ಆ ತಡದಲ್ಲೇ ಎಲ್ಲ ಇತ್ತು. ಶೆಡ್ಡು ಟವರಿನ ಕಾಲಬುಡದಲ್ಲಿದೆ. ಅಲ್ಲಿಂದ ಉತ್ತರ ಹೆಚ್ಚುಕಡಿಮೆ ಆಗಿಂದಾಗಲೇ ಮುಟ್ಟುತ್ತದೆ. ಕೋಲ್ಡ್ ಸ್ಟೋರೇಜ್ ದೂರ, ಅದರ ಮೇಲೆ ಬೂಸ್ಟರ್ ತಾನೂ ಒಂದಿಷ್ಟು ಹೊತ್ತು ನುಂಗುತ್ತದೆ. ಮಯೂರಿ ತನ್ನ ಫೋನನ್ನು ಈಗಷ್ಟೇ ಒಳಗೆ ಒಯ್ದು ಇಲ್ಲಿಯ ತಡವನ್ನು ಅಳೆದುಕೊಂಡಿದ್ದಳು.

“ಸಂಭಾಜಿ ಫೋನಿಂದು ಇದಕ್ಕ ಪಕ್ಕಾ ಹೊಂದತೈತ್ರಿ,” ಎಂದಳು. “ಇಡೀ ಮಧ್ಯಾಹ್ನ ಇಲ್ಲೇ ಒಳಗಿದ್ದ. ಶೆಡ್ಡಿನ ಕಡೆ ಹೋಗೇ ಇಲ್ಲ.”

ನೀಲಮ ಜೀಪಿನ ಬಾಗಿಲು ಹಿಡಿದುಕೊಂಡಳು. ವರ್ಷವಿಡೀ ಅವನು ಹೇಳಿದ್ದು ನಿಜ. ಅವನ ಒಂದು ವರ್ಷ ಹಾಳಾಗಿದೆ, ಆದರೆ ಉಳಿದ ಜೀವ ಹಾಳಾಗುವುದಿಲ್ಲ. ಕೆಟ್ಟ ಮೇಲಾದರೂ ಬುದ್ಧಿ ಬಂತಲ್ಲ ಎಂದು ಅವಳು ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರು ಬಿಟ್ಟಳು.

ಮಯೂರಿ ಮಾತ್ರ ನಗಲಿಲ್ಲ. ನೆರಳಿನಲ್ಲಿ ಕುಳಿತ ಅಕ್ಕುತಾಯಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಜಡ್ಜರಿಗೆ ತೋರಿಸಲು ಎರಡು ಫೋನ್ ಅಕ್ಕಪಕ್ಕ ಇಟ್ಟರೆ ಚೆನ್ನ ಎಂದು ಅವಳಿಗೆ ಅನಿಸಿತ್ತಂತೆ. ಒಂದು ದೂರದ್ದು, ಒಂದು ಹತ್ತಿರದ್ದು. ಹತ್ತಿರದ್ದಕ್ಕೆ ಮಾದರಿಯಾಗಿ ಜ್ಞಾನದೇವನ ಫೋನನ್ನೇ ಆರಿಸಿಕೊಂಡಿದ್ದಳು. ಅವನು ಶೆಡ್ಡಿನಲ್ಲೇ ಇದ್ದವನು, ಅಲ್ಲೇ ಸತ್ತವನು. ಫೋನ್ ಹೆಣದ ಕಿಸೆಯಲ್ಲೇ ಸಿಕ್ಕಿತ್ತು.

“ಅದು ಹತ್ರ ತೋರಸೂದಿಲ್ರಿ ಮೇಡಮ್.”

“ಅಂದ್ರ?”

“ಅದೂ ಇಲ್ಲೇ ಐತ್ರಿ. ಸಂಭಾಜಿ ಫೋನ್ ಬಾಜೂಕನ. ಹೊತ್ತ ಮುಳಗೂ ಮಟಾ ಇಲ್ಲೇ ಇತ್ತು. ಆಮ್ಯಾಲ ಅದೊಂದ ಶೆಡ್ಡಿಗೆ ಹೋಗೇತಿ.”

ನೀಲಮಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ತಿಳಿಯಿತು. ಜ್ಞಾನದೇವ ಸತ್ತದ್ದು ಮಧ್ಯಾಹ್ನ ಎಂದು ಡಾಕ್ಟರು ಖಚಿತವಾಗಿ ಬರೆದಿದ್ದರು. ಹೊತ್ತು ಮುಳುಗಿದ ಮೇಲೆ ಶೆಡ್ಡಿಗೆ ಹೋದದ್ದು ಫೋನು, ಅದನ್ನು ಕಿಸೆಯಲ್ಲಿಟ್ಟುಕೊಂಡ ಹೆಣ; ಒಯ್ದವನು ತನ್ನ ಫೋನನ್ನು ಇಲ್ಲೇ ಬಿಟ್ಟು ಟೆಂಪೊ ಓಡಿಸಿರಬೇಕು. ಕೊಲೆ ನಡೆದದ್ದು ಇಲ್ಲಿ, ಈ ಕಟ್ಟಡದೊಳಗೆ.

ಸಂಭಾಜಿಯನ್ನು ಬಿಡಿಸಲೆಂದು ಹುಡುಕಿ ತೆಗೆದ ಸಾಕ್ಷಿ ಅವನನ್ನು ಕೊಲೆಯಾದ ಜಾಗದಲ್ಲೇ ತಂದು ನಿಲ್ಲಿಸಿತ್ತು. ಇಲ್ಲಿದ್ದೆ ಎಂದು ಹೇಳಿದವನು, ಜ್ಞಾನದೇವನೂ ಇಲ್ಲಿದ್ದ ಎಂದು ಹೇಳಲಿಲ್ಲ. ಒಬ್ಬನೇ ಇದ್ದೆ ಎಂದ. ಒಂದು ವರ್ಷ ಜೈಲಿನ ಅನ್ನ ತಿಂದರೂ ಆ ಒಬ್ಬನೇ ಎಂಬ ಮಾತನ್ನು ಬಿಡಲಿಲ್ಲ. ಯಾರಿಗಾಗಿ?

ಅಮಾವಾಸ್ಯೆ. ಹೆಂಗಸರಿಗೆ ಸೂಟಿ, ಸಾವ್ಕಾರರು ಮಿರಜದಲ್ಲಿ. ಬಾಗಿಲಿಗೆ ಕೀಲಿ. ಟೆಂಪೊ ಡ್ರೈವರನ ಹತ್ತಿರ ಕೀಲಿ ಇರುವುದಿಲ್ಲ.

ನೀಲಮ ಮೆಲ್ಲಗೆ ತಿರುಗಿದಳು. ಅಕ್ಕುತಾಯಿ ಎದ್ದು ಬಂದು ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಷ್ಟು ಕೇಳಿಸಿಕೊಂಡಿದ್ದಳೋ. ಸೋಮವಾರ ಮಗನನ್ನು ತರುತ್ತೇನೆ ಎಂದು ಕೊಟ್ಟ ಮಾತು ನೀಲಮಳ ನಾಲಿಗೆಯ ಮೇಲೆ ಇನ್ನೂ ಬೆಚ್ಚಗಿತ್ತು. ಅದನ್ನು ನುಂಗಿಕೊಳ್ಳುವ ದಾರಿಯಿದ್ದರೆ ಅವಳು ಆಗಲೇ ನುಂಗಿಬಿಡುತ್ತಿದ್ದಳು.

“ಮಾವಶಿ,” ಎಂದಳು. “ಯುಗಾದಿ ಅಮಾಸಿ ದಿನಾ ಈ ಬಾಗ್ಲಾ ಯಾರ ತಗದಿದ್ರು?”

ಅಕ್ಕುತಾಯಿ ಸೊಂಟದಿಂದ ಕೀಲಿಗೊಂಚಲು ತೆಗೆದಳು. ಅದನ್ನು ಸೆರಗಿನಿಂದ ಒರೆಸಿ ಜೀಪಿನ ಬಾನೆಟ್ ಮೇಲೆ ಇಟ್ಟಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಬಹಳ ದಣಿವಿತ್ತು.

“ವರ್ಷಾತು ಬಾಯಾರ, ನಿಮ್ಮ ಕಟ್ಟೀಗಿ ಬಂದ ಹೇಳಾಕತ್ತೇನಿ,” ಎಂದಳು. “ಅವನ್ನ ಬಿಡ್ರಿ, ನನ್ನ ಒಳಗ ಹಾಕ್ರಿ.”